ಮುದ್ರೆ ಬೀಳದ ಪುಸ್ತಕಗಳು

ಶಾಲೆ ಬಿಟ್ಟ ಹೊತ್ತು. ಗ್ರಂಥಪಾಲಕಿ ಹೊಸ ಚಿತ್ರಕಾದಂಬರಿಯೊಂದನ್ನು ಹಿಡಿದು ಎರಡು ಜಡೆಯ ಹುಡುಗಿಯ ಬೆನ್ನು ಬಿದ್ದಿದ್ದರು.

"ಮನೆಗೆ ತಗೊಂಡು ಹೋಗೇ, ನಿನ್ನ ದಮ್ಮಯ್ಯ."

"ನಿನ್ನೆನೇ ಇಲ್ಲೇ ಕೂತು ಮುಗಿಸ್ದೆ ಮೇಡಂ. ನೀವೇ ಅಲ್ವಾ ಓದು ಅಂದಿದ್ದು?"

ಆ ಪುಸ್ತಕ ಹದಿಹರೆಯದವರಿಗೆಂದು ಅವರು ಹಟ ಹಿಡಿದು ಮಾಡಿಸಿದ ಕಪಾಟಿನದು. ಪ್ರತಿ ಕಾದಂಬರಿಯನ್ನೂ ತಾವೇ ಓದಿ, ಯಾರಿಗೆ ಯಾವುದು ಹಿಡಿಸೀತೆಂದು ನೋಡಿ ಕೊಡುತ್ತಿದ್ದರು. ಮಕ್ಕಳು ನೆಲದ ಮೇಲೆ ಕೂತು ಒಂದೇ ಉಸಿರಿಗೆ ಓದಿ ಮುಗಿಸುತ್ತಿದ್ದರು. ಆದರೆ ಕೊನೆಯ ಪುಟದ ಚೀಟಿಗೆ ತಾರೀಖಿನ ಮುದ್ರೆ ಬೀಳುವುದು ಪುಸ್ತಕ ಮನೆಗೆ ಹೋದಾಗ ಮಾತ್ರ. ಮೇಲಧಿಕಾರಿ ಖಾಲಿ ಚೀಟಿಗಳನ್ನು ನೋಡಿ, ಯಾರೂ ಮುಟ್ಟದ ಈ ಪುಸ್ತಕಗಳನ್ನು ಈ ವಾರವೂ ಮುದ್ರೆ ಬೀಳದಿದ್ದರೆ ತೆಗೆಯಿರಿ ಎಂದು ಬರೆದಿದ್ದರು. ಸವೆದ ಪುಟಗಳನ್ನು ತೋರಿಸಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಓದಿದ್ದನ್ನೇ ಇನ್ನೊಂದ್ಸಲ ಓದೋಕೆ ತಗೊಂಡು ಹೋಗಮ್ಮ. ಇವತ್ತೇ ಕೊನೇ ದಿನ."

"ಪರೀಕ್ಷೆ ಹೊತ್ತಲ್ಲಿ ಇದನ್ನ ನೋಡಿದ್ರೆ ಅಮ್ಮ ಚರ್ಮ ಸುಲೀತಾಳೆ. ಇಲ್ಲಿ ಕೂತು ಓದೋದು ಯಾಕೆ ಅಂದ್ಕೊಂಡ್ರಿ?"

ಸುಳ್ಳು ಮುದ್ರೆ ಒತ್ತಲು ಗ್ರಂಥಪಾಲಕಿಗೆ ಕೈ ಬರಲಿಲ್ಲ.

ಸೋಮವಾರ ಆ ಕಪಾಟಿಗೆ ಪರೀಕ್ಷೆಯ ಗೈಡುಗಳು ಬರುತ್ತವೆ.