ಸದ್ದು ನುಂಗಿದ ನೆಲ

"ಕಡಪ ಕಲ್ಲು ಹಾಕಿದ್ರೆ ನಿಮ್ಮ ಅಟ್ಟ ಸೀದಾ ಅಜ್ಜಮ್ಮನ ಮಂಚದ ಮೇಲೇ ಇಳಿಯುತ್ತೆ," ಎಂದ ಮೇಸ್ತ್ರಿ, ಕೆಳಗೆ ನನ್ನ ಅತ್ತೆಯ ಕೋಣೆಯತ್ತ ಕೈ ತೋರಿಸಿ. ಶಿವಮೊಗ್ಗದ ಹೊಸಮನೆಯ ನಮ್ಮ ಹಳೆಯ ಮನೆಯಲ್ಲಿ ಜಾಗವೆಂದು ಉಳಿದಿದ್ದದ್ದು ಆ ಅಟ್ಟವೊಂದೇ. ಬೆಳಗ್ಗೆ ನನ್ನ ಹೊಲಿಗೆ ಕ್ಲಾಸು, ಸಂಜೆ ಮೇಷ್ಟ್ರಾಗಿದ್ದ ಗಂಡನ ಟ್ಯೂಷನ್ನು, ನೆಂಟರು ಬಂದರೆ ಹಾಸಿಗೆ, ಎಲ್ಲ ಅಲ್ಲೇ ಆಗಬೇಕು. ನೆಲ ಮಾತ್ರ ಬರೀ ಹಲಗೆ. ಸೂಜಿ ಬಿದ್ದರೆ ಸಂದಿಯಿಂದ ನೇರ ಅತ್ತೆಯ ಕೋಣೆಗೆ.

"ನಿನ್ನ ಮಿಷಿನ್ ದಡಬಡದಲ್ಲಿ ನನ್ನ ಜಪ ತಪ್ಪುತ್ತೆ ಮಾರಾಯ್ತಿ," ಎನ್ನುತ್ತಿದ್ದರು ಅತ್ತೆ. ಕ್ಲಾಸು ನಿಲ್ಲಿಸು ಎಂದು ಮಾತ್ರ ಒಂದು ದಿನವೂ ಅಂದವರಲ್ಲ. ಏನಾದರೂ ಬೇಕಾದರೆ ಮಡಿಬಟ್ಟೆ ಒಣಹಾಕುವ ಉದ್ದ ಕೋಲಿನಿಂದ ತಲೆಯ ಮೇಲಿನ ಹಲಗೆಗೆ ಕುಟ್ಟುತ್ತಿದ್ದರು. ಒಂದು ಏಟಿಗೆ ಕಾಫಿ, ಎರಡಕ್ಕೆ ಫೋನು ಬಂದಿದೆ, ಮೂರಕ್ಕೆ ಬೇಗ ಬಾ. ಆ ಏಟು ಕಿವಿಗಿಂತ ಮೊದಲು ಅಂಗಾಲಿಗೆ ತಾಗುತ್ತಿತ್ತು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಆ ಕೋಲನ್ನು ನಾವು ಯಾರೂ ಮುಟ್ಟುವಂತೆಯೂ ಇರಲಿಲ್ಲ, ಮಡಿ.

ತೇಗದ ಹಲಗೆಯ ಬೆಲೆ ಕೇಳಿಯೇ ತಲೆ ತಿರುಗಿತು. ಪ್ಲಾಸ್ಟಿಕ್ ಹಾಸು ಮಿಷಿನ್ ಕಾಲಿನಡಿ ತಿಂಗಳೊಪ್ಪತ್ತಿನಲ್ಲೇ ಹರಿಯಿತು. ಕೊನೆಗೆ ಭದ್ರಾವತಿಯ ಗುಜರಿ ಅಂಗಡಿಯೊಂದರಲ್ಲಿ ಬೆರಳು ದಪ್ಪದ ಹಳೆಯ ರಬ್ಬರ್ ಬೆಲ್ಟಿನ ಸುರುಳಿ ಸಿಕ್ಕಿತು. ಕಾರ್ಖಾನೆಗಳಲ್ಲಿ ಕಲ್ಲು, ಅದಿರು ಸಾಗಿಸುವಂಥದ್ದು.

"ಅದಿರು ಹೊತ್ತಿರೋ ಮಾಲು ಅಕ್ಕಾ. ನಿಮ್ಮ ಮಿಷಿನ್ ಎಲ್ಲಾ ಇದಕ್ಕೆ ಸೊಳ್ಳೆ ಕೂತಂಗೆ," ಎಂದ ಅಂಗಡಿಯವನು.

ಮನೆಗೆ ತಂದಾಗ ಅತ್ತೆ ದೂರದಿಂದಲೇ ನೋಡಿದರು. "ಚರ್ಮ ಅಲ್ಲ ತಾನೇ?"

"ಅಲ್ಲ, ರಬ್ಬರು."

"ಹಾಗಾದ್ರೆ ಹಾಕು."

ಹಾಕಿಸಿದೆ. ಕತ್ತರಿ ಬೀಳಿಸಿ ನೋಡಿದೆ, ಇಸ್ತ್ರಿಪೆಟ್ಟಿಗೆ ಎಳೆದಾಡಿದೆ, ಎಣ್ಣೆ ಚೆಲ್ಲಿ ಒರೆಸಿದೆ. ಜಪ್ಪಯ್ಯ ಅನ್ನಲಿಲ್ಲ. ಅದೇ ಭರದಲ್ಲಿ ಅತ್ತೆಯ ಕೋಣೆಯ ಸೂರಿನ ಹಲಗೆಗಳಿಗೂ ಸುಣ್ಣ ಬಳಿಸಿದೆ. ಮೊದಲ ದಿನ ಆರು ಮಿಷಿನ್ ಓಡುತ್ತಿದ್ದರೂ ಅತ್ತೆ ಮೆಟ್ಟಿಲ ಬಳಿ ಬಂದು, "ಕ್ಲಾಸಿಲ್ವೇನೇ ಇವತ್ತು?" ಎಂದು ಕೇಳಿದಾಗ ನಾನು ಬೀಗಿದ್ದೇ ಬೀಗಿದ್ದು.

ಮಾರನೆಯ ದಿನ ಕ್ಲಾಸು ಮುಗಿಸಿ ಊಟಕ್ಕೆ ಇಳಿದೆ. ಅತ್ತೆ ಮಂಚದ ಪಕ್ಕ ನೆಲದ ಮೇಲೆ ಬಿದ್ದಿದ್ದರು. ಒಂದು ಕಾಲು ಮಡಚಿಕೊಂಡಿತ್ತು. ಎದೆಯ ಮೇಲೆ ಕೋಲು. ಕೂದಲು, ರೆಪ್ಪೆ, ಕೆನ್ನೆ, ಎಲ್ಲ ಬೆಳ್ಳಗೆ. ನನಗೆ ಅರ್ಥವೇ ಆಗಲಿಲ್ಲ. ತಲೆಯೆತ್ತಿದೆ. ಹೊಸ ಸುಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಮೂರು ಗುರುತು, ಪಕ್ಕದಲ್ಲಿ ಮತ್ತೆ ಮೂರು, ಮತ್ತೆ ಮೂರು. ಎಣಿಸಲು ಹೋಗಿ ನಿಲ್ಲಿಸಿದೆ. ಮೇಲಿನಿಂದ ಕೆಳಕ್ಕೆ ಎಲ್ಲ ಪರೀಕ್ಷೆ ಮಾಡಿದ್ದೆನಲ್ಲ, ಕೆಳಗಿನಿಂದ ಮೇಲಕ್ಕೆ ಯೋಚಿಸಿಯೇ ಇರಲಿಲ್ಲ.

ಅತ್ತೆ ಬೈಯಲಿಲ್ಲ. "ಒಳ್ಳೆ ನೆಲ ತಂದಿದೀಯ ಕಣೇ. ಒಂಚೂರೂ ಸದ್ದಿಲ್ಲ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸೊಂಟದ ಮೂಳೆ ಮುರಿದಿತ್ತು. ಮುಂದೆಂದೂ ಅವರು ಒಬ್ಬರೇ ನಡೆಯಲಿಲ್ಲ. ಅವರು ಆಸ್ಪತ್ರೆಯಲ್ಲಿದ್ದಾಗ ಅವರ ಮಂಚದ ನೇರಕ್ಕೆ, ಅಟ್ಟದ ರಬ್ಬರನ್ನು ಒಂದು ಮಣೆಯಷ್ಟಗಲ ಕತ್ತರಿಸಿ ತೆಗೆದೆ. ಅದಿರಿಗೆ ಬಗ್ಗದ ಆ ಮಾಲು ನನ್ನ ಕತ್ತರಿಗೆ ಬಗ್ಗೀತೇ? ಗರಗಸ ತಂದು ಕೊಯ್ದೆ. ಅಂಗೈಯಲ್ಲಿ ಬೊಬ್ಬೆ ಬಂತು.

ಮನೆಗೆ ಕರೆತಂದ ದಿನ ಕೋಲನ್ನು ನಾನೇ ಎತ್ತಿ ಅವರ ಕೈಗೆ ಕೊಟ್ಟೆ. ಮಡಿಯ ಮಾತೆತ್ತದೆ ತೆಗೆದುಕೊಂಡರು. ಅಟ್ಟ ಹತ್ತಿ ಆ ಬರೀ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತು, "ಈಗ ಕುಟ್ಟಿ ಅತ್ತೆ," ಎಂದು ಕೂಗಿದೆ.

ಅಂಗಾಲಿಗೆ ತಾಗಿತು, ಒಂದೇ ಒಂದು ಏಟು. ಅಳುತ್ತಲೇ ಕೆಳಗಿಳಿದು ಕಾಫಿಗೆ ನೀರಿಟ್ಟೆ.