ಅರ್ಧ ಕೇಳಿದ ಕ್ಯಾಸೆಟ್

ಫ್ರೆಂಚ್ ಲೇಖಕಿಯೊಬ್ಬರ ಪುಸ್ತಕದ ಒಂದು ಪುಟದಲ್ಲಿ ನಾನೂ ಇದ್ದೇನೆ. ಅದನ್ನು ಹೇಳಿಕೊಂಡು ಮೆರೆದವನಲ್ಲ. ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ತೊಂಬತ್ತರ ದಶಕ. ನಾನು ಸೌದಿ ಅರೇಬಿಯಾದ ಖಮೀಸ್ ಮುಶೈತ್‌ನ ಒಂದು ಆಸ್ಪತ್ರೆಯಲ್ಲಿ ಗುಮಾಸ್ತ. ಆ ಲೇಖಕಿಯ ಗಂಡ ಅಲ್ಲೇ ಇಂಜಿನಿಯರ್. ಹೊರದೇಶದಿಂದ ದುಡಿಯಲು ಬಂದವರ ಬದುಕನ್ನು ಆಕೆ ಬರೆದುಕೊಳ್ಳುತ್ತಿದ್ದರು. ನಾವು ಏನು ಉಣ್ಣುತ್ತೇವೆ, ಊರಲ್ಲಿರುವ ಮನೆಯವರ ಜೊತೆ ಹೇಗೆ ಮಾತಾಡುತ್ತೇವೆ, ಎಲ್ಲವೂ ಬೇಕು. ನಡುನಡುವೆ ತಮ್ಮ ಅಳುವನ್ನೂ ಗಂಡನ ಜೊತೆಗಿನ ಜಗಳವನ್ನೂ ಸೇರಿಸುತ್ತಿದ್ದರು. ಇಂಥವರು ನನ್ನ ಮಾತಿಗೆ ಪೆನ್ನು ಹಿಡಿಯುತ್ತಾರಲ್ಲ ಎಂದು ನನಗೆ ಕೊಂಬು ಬಂದಿತ್ತು.

ನನ್ನ ಕೋಣೆಯ ಜೊತೆಗಾರ ಕುಂದಾಪುರ ಕಡೆಯ ಎಲೆಕ್ಟ್ರಿಷಿಯನ್. ಹೆಂಡತಿಗೆ ಬರೆಯಲು ಬಾರದು. ಪತ್ರದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆ ಮುಗಿಸಿ ಬರುವವರ ಕೈಯಲ್ಲಿ ಕಳಿಸುತ್ತಿದ್ದಳು. ಅವನು ಇಯರ್‌ಫೋನ್ ಸಿಕ್ಕಿಸಿಕೊಂಡು ದಿನಕ್ಕೆ ಐದೇ ನಿಮಿಷ ಕೇಳಿ ಟಪ್ಪೆಂದು ನಿಲ್ಲಿಸುತ್ತಿದ್ದ. "ಎಲ್ಲ ಒಂದೇ ಸಲ ಕೇಳಿದ್ರೆ ನಾಳೆಗೆ ಎಂತ ಉಂಟು ಮಾರಾಯ?"

ಲೇಖಕಿ ಮೇಡಂಗೆ ಅಂಥದೊಂದು ಕ್ಯಾಸೆಟ್ ಕೇಳುವ ಆಸೆ. "ಅವನು ಒಪ್ಪಿದರೆ ಮಾತ್ರ," ಎಂದರು. ಒಂದು ಶುಕ್ರವಾರ ಅವನು ಡ್ಯೂಟಿಗೆ ಹೋದ ಮೇಲೆ, ಅವನು ಅರ್ಧ ಕೇಳಿಟ್ಟಿದ್ದ ಕ್ಯಾಸೆಟ್ಟನ್ನು ಟೇಪ್‌ರೆಕಾರ್ಡರ್ ಸಮೇತ ಎತ್ತಿಕೊಂಡು ಅವರ ಮನೆಗೆ ಹೋದೆ. ಒಪ್ಪಿದ್ದಾನೆ ಎಂದೆ. ಅಪ್ಪಟ ಸುಳ್ಳು. ಗಂಡಹೆಂಡಿರ ಎದುರು ಕೂತು ಮೊದಲಿಂದ ಕೊನೆಯವರೆಗೆ ಟೇಪು ಹಾಕಿ ಇಂಗ್ಲಿಷಿನಲ್ಲಿ ಹೇಳಿದೆ. ಕೊನೆಯಲ್ಲಿ ಟೇಪಿನೊಳಗೆ ಅವನ ಹೆಂಡತಿಯ ದನಿ ಸಣ್ಣಗಾಯಿತು: "ನನ್ನ ಮುಂದಿನ ಹಲ್ಲೊಂದು ಹೋಯ್ತು. ಬಂದಾಗ ನೋಡಿ ನಗಾಡ್ಬೇಡಿ. ಯಾರ ಹತ್ರವೂ ಹೇಳ್ಬೇಡಿ." ಅದನ್ನೂ ಹೇಳಿದೆ. ಮೇಡಂ ಕಣ್ಣೊರೆಸಿಕೊಂಡು ಬರೆದುಕೊಂಡರು.

ಸಂಜೆ ಅವನು ಬಂದು ಬಟನ್ ಒತ್ತಿದ. ಟೇಪು ಮುಗಿದಿತ್ತು. ಅವನು ನಿಲ್ಲಿಸಿದ್ದ ಜಾಗಕ್ಕೆ ಸುತ್ತಿಡಬೇಕೆಂಬುದೇ ನನಗೆ ಹೊಳೆದಿರಲಿಲ್ಲ. ಥೂ, ಕಳ್ಳತನವೂ ನೆಟ್ಟಗೆ ಬಾರದವನು!

"ನೀನು ಕೇಳಿದ್ಯಾ?"

"ಹೌದು. ತಪ್ಪಾಯ್ತು ಮಾರಾಯ." ಮೇಡಂಗೆ ಕೇಳಿಸಿದ ಸುದ್ದಿಯನ್ನು ನಾನು ಎತ್ತಲಿಲ್ಲ.

ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ತಾನು ಕೇಳದೆ ಉಳಿಸಿಕೊಂಡಿದ್ದನ್ನೆಲ್ಲ ಅಂದು ಒಂದೇ ಸಲ ಕೇಳಿ ಮುಗಿಸಿದ. ಆಮೇಲೆ ಇಯರ್‌ಫೋನ್ ತೆಗೆದು ನನ್ನ ಪಕ್ಕ ಬಂದು ಕೂತ.

"ಹಲ್ಲಿನ ವಿಷಯ ನಿನ್ನಲ್ಲೇ ಇರ್ಲಿ, ಆಯ್ತಾ? ಅವಳಿಗೆ ನಾಚಿಕೆ ಆಗ್ತದೆ."

"ಯಾರಿಗೂ ಹೇಳುದಿಲ್ಲ," ಎಂದೆ.