ಬುರ್ಮಕಾನ್ ಅತ್ತಿಗೆ ಕಂಪನಿಗೇ ಮನೆ ಮಾರಿದ್ದು

ತೊಕ್ಮೊಕ್ ಪಟ್ಟಣದಲ್ಲಿ ಮನೆ ಮಾರಬೇಕಾದವರು ಹುಡುಕಿಕೊಂಡು ಬರುತ್ತಿದ್ದುದು ನಮ್ಮ ಬುರ್ಮಕಾನ್ ಅತ್ತಿಗೆಯನ್ನೇ. ಅಣ್ಣ ತೀರಿಕೊಂಡ ಮೇಲೆ ಸಂತೆಯಲ್ಲಿ ಹಾಲು ಮಾರುತ್ತಲೇ, ಯಾರ ಮನೆ ಖಾಲಿಯಾಗುತ್ತದೆ, ಯಾರ ಮಗನಿಗೆ ಮದುವೆ ಗೊತ್ತಾಗಿ ಬೇರೆ ಮನೆ ಬೇಕಾಗಿದೆ ಎಂದು ತಿಳಿದು ಇಬ್ಬರನ್ನೂ ಗಂಟುಹಾಕುತ್ತಿದ್ದಳು. ಬೀದಿಗೆ ಹೊಸಬರು ಬಂದರೆ ಹಳಬರು ಕರೆದು ಊಟ ಹಾಕುವುದು ನಮ್ಮ ಪದ್ಧತಿ, ಎರುಲುಕ್ ಎನ್ನುತ್ತೇವೆ. ಅತ್ತಿಗೆ ಆ ಊಟವನ್ನು ಗಿರಾಕಿ ಮನೆ ಕೊಳ್ಳುವ ಮೊದಲೇ ಹಾಕಿಸಿಬಿಡುತ್ತಿದ್ದಳು. ಬೀದಿಯ ಉಪ್ಪು ತಿಂದವನಿಗೆ ಚೌಕಾಸಿ ಮಾಡಲು ನಾಚಿಕೆ.

ಅಷ್ಟರಲ್ಲಿ ರಾಜಧಾನಿ ಬಿಶ್ಕೆಕ್‌ನಿಂದ 'ಒಂಬತ್ತು ಬಾಗಿಲು' ಎಂಬ ಮನೆ ಮಾರಿಸುವ ಕಂಪನಿ ಬಂತು. ಒಂದು ಕೋಣೆಯಲ್ಲಿ ಶುರುವಾಗಿ, ಊರೂರಿಗೆ ತನ್ನ ಹೆಸರನ್ನು ಹಂಚುತ್ತಲೇ ಬೆಳೆದ ಕಂಪನಿ. ಅಂಗಡಿ ನಿಮ್ಮದು, ಓಡಾಟ ನಿಮ್ಮದು. ಬೋರ್ಡು, ಹಸಿರು ಕೋಟು, ನಿಯಮ ಅವರದು, ಗಳಿಕೆಯಲ್ಲಿ ಪಾಲೂ ಅವರದು. ಇದಕ್ಕೆ ಫ್ರಾಂಚೈಸಿ ಎಂದು ಹೆಸರು. ನಾನಂತೂ ಹಗಲು ದರೋಡೆ ಎನ್ನುತ್ತೇನೆ. ಆದರೆ ಬೋರ್ಡು ಕಂಡರೆ ನಗರದವರು ನಂಬುತ್ತಾರೆಂದು ಅತ್ತಿಗೆ ಕೋಟು ತೊಟ್ಟಳು, ಹಾಲಿನ ವ್ಯಾಪಾರ ಬಿಟ್ಟಳು.

ಗಿರಾಕಿಯೊಡನೆ ಕೂತು ಉಣ್ಣಬಾರದು ಎಂಬುದು ಅವರ ನಿಯಮ. ಅತ್ತಿಗೆ ಅದನ್ನು ಎಷ್ಟು ಸಲ ಮುರಿದಳೋ! ಕೊನೆಗೆ ಎಚ್ಚರಿಕೆ ಬಂತು: ಇನ್ನೊಮ್ಮೆ ಹೀಗಾದರೆ ಬೋರ್ಡು ಕಿತ್ತುಕೊಳ್ಳುತ್ತೇವೆ. ಬೋರ್ಡು ಹೋದರೆ ಐದು ವರ್ಷ ಅವಳು ಈ ಊರಲ್ಲಿ ಒಂದು ಗುಡಿಸಲನ್ನೂ ಮಾರುವಂತಿಲ್ಲ. ಮೊದಲೇ ಸಹಿ ಹಾಕಿಸಿಕೊಂಡಿದ್ದರು, ಖದೀಮರು.

ವಸಂತದಲ್ಲಿ ಜೆನಿಶ್ ಎಂಬೊಬ್ಬ ಮನೆ ನೋಡಲು ಬಂದ. ಅತ್ತಿಗೆ ನನ್ನನ್ನು ಪಕ್ಕಕ್ಕೆ ಎಳೆದಳು. ನಮ್ಮಲ್ಲಿ ಗಂಡನ ಕಡೆಯವರನ್ನು ಸೊಸೆ ಹೆಸರು ಹಿಡಿದು ಕರೆಯುವಂತಿಲ್ಲವಲ್ಲ, ಅವಳು ನನಗಿಟ್ಟ ಹೆಸರು ಮೆಣಸಿನಕಾಯಿ.

"ಲೋ ಮೆಣಸಿನಕಾಯಿ, ಇವ್ನು ಗಿರಾಕಿ ಅಲ್ಲ ಕಣೋ. ಗಿರಾಕಿ ಆದೋನು ಮೊದ್ಲು ನಲ್ಲಿ ತಿರುಗಿಸ್ತಾನೆ. ಇವ್ನು ನನ್ನ ಕೋಟಿನ ಗುಂಡಿ ನೋಡ್ತಾವ್ನೆ. ಕಂಪನಿ ಕಳಿಸಿರೋ ಗೂಢಚಾರ."

"ಒದ್ದು ಓಡಿಸ್ಲಾ?"

"ಥೂ, ನಿನ್ ಬುದ್ಧಿಗಿಷ್ಟು! ಹೋಗು, ಕುರಿ ಕೊಯ್ಯಿ."

"ಬೋರ್ಡು ಹೋಗುತ್ತೆ ಕಣೇ ಅತ್ತಿಗೆ!"

"ಅವ್ನು ಉಣ್ಣದಿದ್ರೆ ತಾನೆ ಹೋಗೋದು? ಉಂಡೋನು ಏನಂತ ದೂರ್ತಾನೆ?"

ಪಕ್ಕದ ಅಸಾನ್‌ಕುಲ್ ಅಜ್ಜನ ಅಂಗಳದಲ್ಲಿ ಬೀದಿಯೇ ನೆರೆಯಿತು. ಜೆನಿಶ್ ಹಿಂದೆ ಸರಿದ. "ನಾನು ಊಟ ಮಾಡೋ ಹಾಗಿಲ್ಲ... ಅಂದ್ರೆ, ಹೊಟ್ಟೆ ಸರಿ ಇಲ್ಲ."

"ರೊಟ್ಟಿ ಮುರ್ದು ಬಾಯಿಗಿಟ್ಕೊ ಮಗ," ಎಂದ ಅಜ್ಜ. "ರೊಟ್ಟಿ ದಾಟಿ ಹೋದೋನು ಉದ್ಧಾರ ಆಗಿದ್ದು ನಾನಂತೂ ಕಾಣೆ."

ಮುರಿದ. ರೊಟ್ಟಿಯ ಹಿಂದೆ ಸಾರು, ಸಾರಿನ ಹಿಂದೆ ಮಾಂಸ, ಕೊನೆಗೆ ದೊಡ್ಡ ಅತಿಥಿಗೆ ಮಾತ್ರ ಇಡುವ ಕುರಿಯ ತಲೆಯೇ ಅವನ ಮುಂದೆ ಬಂತು. ಉಂಡ ಮೇಲೆ ಅಜ್ಜ ಅಂಗೈ ಚಾಚಿ ಹರಸಿದ: "ಈ ಬೀದೀಲಿ ಬೇರು ಬಿಡು. ನಿನ್ನ ಒಲೆ ಆರದಿರಲಿ. ಓಮಿನ್!"

ಹಾಗೇ ಆಗಲಿ ಎಂದು ಎಲ್ಲರೂ ಅಂಗೈಗಳಿಂದ ಮುಖ ಸವರಿಕೊಂಡೆವು. ಹುಟ್ಟಿನಿಂದ ಬಂದ ಅಭ್ಯಾಸ, ಜೆನಿಶನೂ ಸವರಿಕೊಂಡ. ಹಿರಿಯರ ಹರಕೆಗೆ ಮುಖ ಸವರಿದವನು ಅದನ್ನು ಒಪ್ಪಿಕೊಂಡಂತೆಯೇ, ಇನ್ನು ಈ ಬೀದಿಗೆ ಬಂದು ನೆಲೆಸಲೇಬೇಕು. ಅರಿವಾದಾಗ ಅವನ ಮುಖ ಮೊಸರಿನಷ್ಟು ಬಿಳಿಚಿತು.

"ಅಕ್ಕಾ, ನಾನು ಕಂಪನಿ ತಪಾಸಣೆಯೋನು. ಅಜ್ಜನಿಗೆ ನೀವೇ ಹೇಳ್ಬಿಡಿ," ಎಂದು ಗೋಗರೆದ.

"ನಾನ್ಯಾಕಪ್ಪಾ? ಹರಸ್ಕೊಂಡೋನು ನೀನು. ವಾಪಸ್ ಕೊಡೋನೂ ನೀನೇ."

ಅಷ್ಟರಲ್ಲಿ ಅಜ್ಜ ಕೂಗಿದ: "ಮಗಾ, ಸಾಮಾನು ಯಾವತ್ತು ತರ್ತೀಯ? ಇಳಿಸೋಕೆ ಹುಡುಗ್ರು ರೆಡಿ ಅವ್ರೆ!"

ಪಾಪ, ಪಾಪ್ಲರ್ ಮರದ ಹಿಂದೆ ನಿಂತು ಬಿಶ್ಕೆಕ್‌ಗೆ ಫೋನು ಹಚ್ಚಿದ. "ಹೌದು ಸಾರ್, ಕಂಪನಿಗೆ ಇಲ್ಲೊಂದು ಸ್ವಂತ ಮನೆ ಇರಲೇಬೇಕು. ಹೊಸಬರ ತರಬೇತಿಗೆ... ಇಲ್ಲ ಸಾರ್, ಈ ಮನೆನೇ ಆಗ್ಬೇಕು. ಆ ಹೆಂಗಸಾ? ಬೋರ್ಡು ಕಿತ್ತರೆ ನಮಗೇ ನಷ್ಟ ಸಾರ್, ಅಂಥಾ ಕೆಲ್ಸಗಾರ್ತಿ!"

ಕಂಪನಿ ಕೊಂಡಿತು. ಅತ್ತಿಗೆ ತನ್ನ ದಲ್ಲಾಳಿ ಹಣವನ್ನು ಕಂಪನಿಯಿಂದಲೇ ವಸೂಲು ಮಾಡಿದಳು. ಮನೆ ನೋಡಿಕೊಳ್ಳಲು ಜೆನಿಶನನ್ನೇ ಕಳಿಸಿದರು. ಮೊನ್ನೆ ಬೀದಿಗೆ ಇನ್ನೊಂದು ಸಂಸಾರ ಬಂತು. ಈಗ ಹಳಬನಾದ ಅವನು ಹಸಿರು ಕೋಟಿನಲ್ಲೇ ಒಲೆ ಮುಂದೆ ಕೂತು ಎಲ್ಲರಿಗೂ ಪಲಾವ್ ಮಾಡಿದ. ಅನ್ನ ಸೀದಿತ್ತು. ಬೈದುಕೊಂಡೇ ಎರಡು ಸಲ ಹಾಕಿಸಿಕೊಂಡೆ.